ಹೊಸಬರು ಬಂದಿದ್ದಾರೆ, ಮಾತಾಡಿಸಿ

ನಾವು ಇನ್ನೆಷ್ಟು ಸಲ ಬಾಡಿಗೆ ಮನೆ ಖಾಲಿ ಮಾಡಬೇಕು? ಸಾಮಾಜಿಕ ಜಾಲತಾಣಗಳ ಕತೆ ನೋಡಿ: 2014ರಲ್ಲಿ ಆರ್ಕುಟ್ ಹೋಯಿತು. 2019ರಲ್ಲಿ ಗೂಗಲ್ ಪ್ಲಸ್ ಹೋಯಿತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಬಾಯಿಬಿಟ್ಟ ‘ಕೂ’ ಕೂಡ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಪ್ರತಿ ಸಲವೂ ನಮ್ಮ ಹರಟೆ, ಜಗಳ, ಕವಿತೆ, ಗೆಳೆತನ ಎಲ್ಲ ಬೀದಿಗೆ ಬಿದ್ದವು. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಾಲೀಕನೊಬ್ಬನ ಹಂಗಿಲ್ಲದ ಜಾಗವೂ ಇದೆ. 2016ರಲ್ಲಿ ಜರ್ಮನಿಯ ಯುವಕ ಯೂಜೆನ್ ರೋಚ್ಕೊ ಹೊರತಂದ ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲ ಇಂದು ಸಾವಿರಾರು ಸರ್ವರ್‌ಗಳಲ್ಲಿ ಹರಡಿದೆ. ಎಷ್ಟೋ ಸರ್ವರ್‌ಗಳನ್ನು ಸ್ವಯಂಸೇವಕರು ದೇಣಿಗೆ ಕೂಡಿಸಿ ನಡೆಸುತ್ತಾರೆ. ಒಂದು ಸರ್ವರ್ ಒಗ್ಗದಿದ್ದರೆ ಹಿಂಬಾಲಕರನ್ನು ಕರೆದುಕೊಂಡೇ ಇನ್ನೊಂದಕ್ಕೆ ಹೋಗಬಹುದು. (ಹಳೆಯ ಬರಹಗಳು ಮಾತ್ರ ಜೊತೆಗೆ ಬರುವುದಿಲ್ಲ. ಅದೊಂದು ಕೊರತೆಯೇ.)

2019ರ ನವೆಂಬರ್‌ನಲ್ಲಿ, ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಸ್ಥಗಿತವಾದಾಗ, ಭಾರತೀಯರು ದಂಡುದಂಡಾಗಿ ಇಲ್ಲಿಗೆ ಬಂದರು. 2022ರಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಜಗತ್ತಿನ ಮೂಲೆಮೂಲೆಯಿಂದ ಲಕ್ಷಾಂತರ ಜನ ಬಂದರು. ಅವರಲ್ಲಿ ಎಷ್ಟೋ ಮಂದಿ ಮರಳಿ ಹೋದರು. ಏಕೆ? ಸರ್ವರ್ ಆರಿಸುವುದೇ ಗೊಂದಲ ಎನ್ನುತ್ತಾರೆ, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣವೊಂದಿದೆ ಎಂದೇ ನನ್ನ ನಂಬಿಕೆ. ಯಾರೂ ಮಾತಾಡಿಸಲಿಲ್ಲ!

ಮ್ಯಾಸ್ಟೊಡಾನ್‌ನಲ್ಲಿ ಹೊಸಬರ ಬರಹವನ್ನು ಎತ್ತಿ ನಾಲ್ಕು ಜನರ ಮುಂದಿಡುವ ಅಲ್ಗಾರಿದಮ್ ಇಲ್ಲ. ಮನುಷ್ಯರೇ ಬೂಸ್ಟ್ ಮಾಡಿ ಹಂಚಬೇಕು, ಮನುಷ್ಯರೇ ಉತ್ತರಿಸಬೇಕು, ‘ಇಂಥವರನ್ನು ಫಾಲೋ ಮಾಡಿ ನೋಡಿ’ ಎಂದು ಮನುಷ್ಯರೇ ಹೇಳಬೇಕು. ಮೊದಲೇ ಬಂದು ಕೂತ ಕೆಲವರು ಮಾಡಿದ್ದೇನು? ಚಿತ್ರಕ್ಕೆ ವಿವರಣೆ ಬರೆದಿಲ್ಲವೆಂದು ಗದರಿದರು, ಸೂಕ್ಷ್ಮ ವಿಷಯಕ್ಕೆ ಎಚ್ಚರಿಕೆಯ ಸಾಲು ಹಾಕಿಲ್ಲವೆಂದು ಮುಖ ಸಿಂಡರಿಸಿದರು. ಕಣ್ಣು ಕಾಣದವರಿಗೆ ಆ ವಿವರಣೆ ಬೇಕೇ ಬೇಕು. ಅದನ್ನು ಹೇಳಿಕೊಡಲು ಗದರಿಕೆ ಬೇಕೇ? ಬಂದವರ ಕ್ಷೇಮ ವಿಚಾರಿಸದ ದೊಡ್ಡಸ್ತಿಕೆಯನ್ನು ಬಸವಣ್ಣ 12ನೆಯ ಶತಮಾನದಲ್ಲೇ ಚುಚ್ಚಿದ ನಾಡು ನಮ್ಮದು!

ಬೀದರಿನ ಕಾಲೇಜಿನಲ್ಲಿ ಕೂತು ಕೋಡ್ ಬರೆಯುವ ನೀವು, ಶಿರಸಿಯ ಕಾಡಿನಲ್ಲಿ ಹಕ್ಕಿಗಳ ಬೆನ್ನು ಹತ್ತಿರುವ ನೀವು, ದೂರದ ದೇಶದ ಲ್ಯಾಬಿನಲ್ಲಿ ನಡುರಾತ್ರಿ ಕನ್ನಡದಲ್ಲೇ ಯೋಚಿಸುವ ನೀವು, ಕೈಕೈ ಜೋಡಿಸಿದರೆ ಕನ್ನಡಕ್ಕೆ ತನ್ನದೇ ಸರ್ವರ್ ಕಟ್ಟಬಲ್ಲಿರಿ, ಅದರ ನಿಯಮಗಳನ್ನು ನಮ್ಮ ನುಡಿಯಲ್ಲೇ ಬರೆಯಬಲ್ಲಿರಿ, ಹಳ್ಳಿಯ ಮೇಷ್ಟ್ರಿಗೂ ಅಜ್ಜಿಗೂ ಖಾತೆ ತೆರೆದುಕೊಡಬಲ್ಲಿರಿ. ಮ್ಯಾಸ್ಟೊಡಾನ್‌ನ ಮೂಲ ಕೋಡ್ ಬಯಲಿನಲ್ಲೇ ಇದೆ. ಅನುಮತಿ ಬೇಡ. ಬಂಡವಾಳಗಾರ ಬೇಡ. ನೀವು ಬೇಕು.

ಸರ್ವರ್ ನಾಳೆ ಕಟ್ಟೋಣ. ಇವತ್ತು ರಾತ್ರಿ ಕನ್ನಡದ ಹ್ಯಾಶ್‌ಟ್ಯಾಗ್ ತೆರೆದು ಹುಡುಕಿ. ಮೊನ್ನೆ ಮೊನ್ನೆ ಬಂದವರೊಬ್ಬರು ‘ನಮಸ್ಕಾರ, ಇಲ್ಲಿ ಯಾರಾದರೂ ಇದ್ದೀರಾ?’ ಎಂದು ಬರೆದಿದ್ದರೆ, ‘ಇದ್ದೀವಿ, ಬನ್ನಿ. ಯಾವೂರು ನಿಮ್ಮದು?’ ಎಂದು ಕೇಳಿ.