ಪ್ರೆಸ್ಸಿನ ಮುಂದೆ ಎರಡು ಕೈ

(ಸಂಘದ ಸಭೆಯಲ್ಲಿ ಪ್ರೆಸ್ ಕೆಲಸಗಾರರೊಬ್ಬರು ಮಾಡಿದ ಭಾಷಣ)

ಹೋಟೆಲ್ ಮತ್ತು ಗಿರಣಿಯ ಬಂಧುಗಳೇ,

ಪ್ರೆಸ್ ಕೆಲಸದ ಮಾತು ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನೀವು ದಿನವೂ ಮೇಜಿನ ಮೇಲಿಡುವ ಸ್ಟೀಲ್ ತಟ್ಟೆ, ಕಾಫಿ ಲೋಟ ರೂಪುಗೊಳ್ಳುವುದು ಪ್ರೆಸ್ಸಿನಲ್ಲಿಯೇ. ಗಿಂಡಿಯ ಕೈಗಾರಿಕಾ ಎಸ್ಟೇಟು 1958ರಲ್ಲಿ, ಅಂಬತ್ತೂರಿನದು 1964ರಲ್ಲಿ ಆರಂಭವಾದವು. ಇಂದು ಮಾಣಿ ಕೆಲಸ ಬಿಟ್ಟ ನಮ್ಮ ತಮ್ಮನೋ ಮಗನೋ ನಾಳೆ ಅಲ್ಲಿನ ಒಂದು ಶೆಡ್ಡಿಗೆ ಸೇರಬಹುದು. ಆದಕಾರಣ ಕೇಳಿರಿ.

ಕೆಲಸ ನೋಡಲು ಸುಲಭ. ತಗಡನ್ನು ಡೈ ಮೇಲೆ ಇಡುವುದು, ಪೆಡಲ್ ತುಳಿಯುವುದು, ಮೇಲಿನ ಪಂಚು ಇಳಿದು ಹೊಡೆದ ಮೇಲೆ ತುಂಡನ್ನು ತೆಗೆಯುವುದು. ಆದರೆ ಹಳೆಯ ಕೀ-ಕ್ಲಚ್ ಪ್ರೆಸ್ಸಿಗೆ ಒಂದು ಗುಣವಿದೆ. ಒಮ್ಮೆ ಕ್ಲಚ್ ಹಿಡಿಯಿತೆಂದರೆ ಒಂದು ಸುತ್ತು ಮುಗಿಯುವ ತನಕ ಅದು ನಿಲ್ಲದು. ನಡುವೆ ಕೂಗಿದರೂ ಇಲ್ಲ, ಸ್ವಿಚ್ ಆರಿಸಿದರೂ ಇಲ್ಲ. ಫ್ಲೈವೀಲಿನಲ್ಲಿ ಕೂಡಿಟ್ಟ ಬಲ ಅದನ್ನು ಇಳಿಸಿಯೇ ತೀರುತ್ತದೆ. ಕೀ ಸವೆದರೆ, ಸ್ಪ್ರಿಂಗ್ ಮುರಿದರೆ, ತುಳಿಯದಿದ್ದರೂ ಎರಡನೆಯ ಸಲ ಇಳಿಯುತ್ತದೆ. ಬೆರಳು ಹೋಗುವುದು ಅನೇಕ ವೇಳೆ ಈ ಎರಡನೆಯ ಹೊಡೆತಕ್ಕೆ. ಅದನ್ನು ಕೆಲಸಗಾರನ ಅಜಾಗ್ರತೆ ಎನ್ನುವುದು ನ್ಯಾಯವೇ?

ಉಪಾಯಗಳು ಇವೆ. ಬೆರಳು ತೂರದಂತೆ ಡೈ ಸುತ್ತ ಗಾರ್ಡು ಹಾಕುವುದು ಎಲ್ಲಕ್ಕಿಂತ ಮೇಲು. ತುಂಡನ್ನು ಇಕ್ಕಳದಿಂದಲೋ ಅಯಸ್ಕಾಂತದ ಕೋಲಿನಿಂದಲೋ ತೆಗೆಯಬೇಕು. ಡೈ ಕಟ್ಟುವಾಗ ಕರೆಂಟು ಆರಿಸಿ, ಫ್ಲೈವೀಲು ಪೂರ್ತಿ ನಿಂತ ಮೇಲೆ, ನಡುವೆ ಗಟ್ಟಿ ಅಡ್ಡಗಟ್ಟೆ ಕೊಡಬೇಕು. ಕೈ ಅಡ್ಡ ಬಂದರೆ ನಿಲ್ಲಿಸುವ ಬೆಳಕಿನ ಪರದೆ ಒಳ್ಳೆಯದೇ. ಆದರೆ ನಡುದಾರಿಯಲ್ಲಿ ನಿಲ್ಲಬಲ್ಲ ಪ್ರೆಸ್ಸಿಗೆ ಮಾತ್ರ ಅದರಿಂದ ಪ್ರಯೋಜನ. ಕೀ-ಕ್ಲಚ್ಚಿಗೆ ಅದನ್ನು ಕಟ್ಟಿ ‘ಭದ್ರವಾಯಿತು’ ಎಂದರೆ ನಂಬಬೇಡಿ.

ಇನ್ನು ಎರಡು ಬಟನ್ನಿನ ಪ್ರೆಸ್ಸು. ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯಬೇಕು. ಆದರೆ ಒಂದು ಬಟನ್ನಿಗೆ ಮರದ ಚಕ್ಕೆ ಸಿಕ್ಕಿಸಿ, ಒಂದೇ ಕೈಯಲ್ಲಿ ಒತ್ತಿ, ಇನ್ನೊಂದರಲ್ಲಿ ತಗಡು ಇಡುವವರನ್ನು ನಾನು ಕಂಡಿದ್ದೇನೆ. ಏಕೆ? ಪೀಸ್‌ರೇಟು! ಗಂಟೆಗೆ ನೂರು ತುಂಡು ಹೆಚ್ಚಾದರೆ ಮನೆಗೆ ನಾಲ್ಕು ಕಾಸು ಹೆಚ್ಚು. ಚಕ್ಕೆ ಇಟ್ಟದ್ದು ಕೆಲಸಗಾರನ ಕೈ. ಇಡಿಸಿದ್ದು ಆ ಲೆಕ್ಕ. ಗಾರ್ಡು ಇಟ್ಟುಕೊಂಡೇ ಮುಟ್ಟಬಹುದಾದ ಲೆಕ್ಕವನ್ನು ಮಾಲೀಕರು ಗೊತ್ತುಮಾಡಬೇಕು.

ಬೆರಳಿಗೂ ಕಾನೂನು ಲೆಕ್ಕ ಕಟ್ಟಿದೆ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ನಷ್ಟ, ತೋರುಬೆರಳಿಗೆ 14, ಒಂದು ಕೈಯ ನಾಲ್ಕು ಬೆರಳಿಗೆ 50 ಎಂದು ಬರೆದಿತ್ತು. ಅಪಾಯದ ಯಂತ್ರಭಾಗಕ್ಕೆ ರಕ್ಷಣೆ ಕಟ್ಟಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಿಂದ ಈ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ. ಕಾನೂನಿನ ಹೆಸರು ಬದಲಾದರೂ ಬೆರಳು ಮತ್ತೆ ಚಿಗುರದು.

ಪೆಟ್ಟಾದರೆ ಅದೇ ದಿನ ಅಪಘಾತದ ಪುಸ್ತಕದಲ್ಲಿ ಬರೆಸಿರಿ. ಇ.ಎಸ್.ಐ. ಇರುವ ಕಾರ್ಖಾನೆಯಲ್ಲಿ ಕೆಲಸದ ಪೆಟ್ಟಿಗೆ ಸೇರಿದ ಮೊದಲ ದಿನದಿಂದಲೇ ಹಕ್ಕಿದೆ, ಕಂಟ್ರಾಕ್ಟಿನವರಿಗೂ ಇದೆ. ‘ಮನೆಯಲ್ಲಿ ಬಿದ್ದೆ ಎಂದು ಹೇಳಪ್ಪಾ’ ಎಂದು ಯಾರಾದರೂ ಪುಸಲಾಯಿಸಿದರೆ ಒಪ್ಪಬೇಡಿ. ಆ ಒಂದು ಸುಳ್ಳಿಗೆ ಜೀವಮಾನದ ಪರಿಹಾರ ಕೈತಪ್ಪೀತು.

ಬಂಧುಗಳೇ, ಇದೇ ಊರಿನ ಪೆರಂಬೂರಿನಲ್ಲಿ 1918ರಲ್ಲಿ ಗಿರಣಿ ಕೆಲಸಗಾರರು ಮದರಾಸು ಲೇಬರ್ ಯೂನಿಯನ್ ಕಟ್ಟಿದರು. ಊಟದ ಬಿಡುವು ಸಾಲದೆಂಬುದು ಅವರ ದೂರುಗಳಲ್ಲಿ ಒಂದು. ಅವರು ಕೇಳಿದ್ದು ಕೆಲವು ನಿಮಿಷ. ನಾವು ಕೇಳುವುದು ಹೊಡೆತಕ್ಕೊಂದೆರಡು ಸೆಕೆಂಡು, ಒಂದು ಗಾರ್ಡು. ಒಬ್ಬನೇ ಕೇಳಿದರೆ ‘ನಾಳೆಯಿಂದ ಬರಬೇಡ’ ಎಂದಾರು. ಎಲ್ಲರೂ ಕೂಡಿ ಕೇಳಿದರೆ ಕೇಳಲೇಬೇಕು. ನಿಮ್ಮ ಮನೆಯ ಹುಡುಗ ಪ್ರೆಸ್ ಕೆಲಸಕ್ಕೆ ಹೊರಟರೆ ಸಂಬಳ ಎಷ್ಟೆಂದು ಕೇಳುವ ಮೊದಲು ಗಾರ್ಡು ಇದೆಯೇ ಎಂದು ಕೇಳಿರಿ.