ಖುತುಬಾದ ವೇಳೆ ಷೇರು ದರ
(ಕಾರ್ಕಳ: ಜುಮಾ ಪ್ರವಚನದ ಸಾರಾಂಶ)



ಸೋಲಾರ್ ವಾಟರ್ ಹೀಟರ್‌ಗಳಿಂದ ಹೆಸರಾದ ಬೆಂಗಳೂರಿನ ಎಂವೀ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂತು. ಅಂತಹ ಷೇರು ಕೊಳ್ಳಬಹುದೇ ಎಂದು ನಮ್ಮ ಯುವಕರು ಕೇಳುತ್ತಾರೆ.

ಷೇರು ಎಂದರೆ ಪಾಲುದಾರಿಕೆ. ಲಾಭ-ನಷ್ಟ ಎರಡರಲ್ಲೂ ಪಾಲಿರುವುದರಿಂದ ಅದು ಮೂಲತಃ ಅನುವದನೀಯ. ಆದರೆ ಕಸುಬು ಹಲಾಲ್ ಆದರಷ್ಟೇ ಸಾಲದು. ಕಂಪೆನಿಯ ಬಡ್ಡಿ ಸಾಲ ಅದರ ಮಾರುಕಟ್ಟೆ ಮೌಲ್ಯದ ಶೇ. 30 ಮೀರಬಾರದೆಂಬುದು ಆಯೋಫಿ ಮಾನದಂಡ. ವಿಚಾರಿಸಿಯೇ ಕೊಳ್ಳೋಣ.

ಪತ್ನಿಯ ಮಹ್ರ್‌ನ ಬಂಗಾರವನ್ನು ಬಡ್ಡಿಗೆ ಅಡವಿಟ್ಟು ಷೇರು ಕೊಳ್ಳುವುದು ಹಲಾಲ್ ಗಳಿಕೆಯ ದಾರಿಯಲ್ಲ. ಆ ಬಂಗಾರ ಅವಳ ಹಕ್ಕು.

ಕಳೆದ ಶುಕ್ರವಾರ ಖುತುಬಾ ನಡೆಯುತ್ತಿರುವಾಗಲೇ ಕೆಲವರು ಮೊಬೈಲ್‌ನಲ್ಲಿ ದರ ನೋಡುವುದನ್ನು ನಾವು ಕಂಡೆವು. ಪೇಟೆ ಮೂರೂವರೆಯವರೆಗೆ ತೆರೆದಿರುತ್ತದೆ, ನಿಜ. ಆದರೆ ಜುಮಾದ ಕರೆಗೆ ವ್ಯಾಪಾರ ಬಿಟ್ಟು ಬರಬೇಕೆಂಬ ಅಲ್ಲಾಹನ ಆಜ್ಞೆ ಜೇಬಿನಲ್ಲಿರುವ ಪೇಟೆಗೂ ಅನ್ವಯಿಸುತ್ತದೆ.

ಅಲ್ಲಾಹನು ನಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ. ಆಮೀನ್.