ಹಾಡಿನ ಹುಚ್ಚು ಮತ್ತು ಮನೆಯ ಹಿರಿಯರು
(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿಇ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕೆಲಸ, ಸಂಬಳದ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿರುತ್ತೀರಿ. ಆದರೆ ಸ್ವಾಗತ ಸಮಿತಿಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದು ಬೇರೆ. “ನಮ್ಮ ಮೊಮ್ಮಗಳು ಅದ್ಯಾರೋ ಕೊರಿಯಾದ ಏಳು ಹುಡುಗರ ಹಾಡು ಕೇಳಿ ಅಳ್ತಾಳಪ್ಪ. ಅರ್ಥವಾಗದ ಭಾಷೆಗೆ ಅಳೋದು ಅಂದ್ರೇನು?” ಅಂದರು. ಈ ಪ್ರಶ್ನೆ ಅವರೊಬ್ಬರದಲ್ಲ, ನಮ್ಮೂರಿನ ಹಲವು ಮನೆಗಳದು. ಹಾಗಾಗಿ ಇವತ್ತು ಅದನ್ನೇ ಎತ್ತಿಕೊಂಡಿದ್ದೇನೆ.

ಆ ತಂಡದ ಹೆಸರು ಬಿಟಿಎಸ್. ದಕ್ಷಿಣ ಕೊರಿಯಾದ ಈ ತಂಡ 2013ರಲ್ಲಿ ಹಾಡಲು ಶುರುಮಾಡಿತು. ಅದರ ಅಭಿಮಾನಿಗಳು ತಮ್ಮನ್ನು ‘ಆರ್ಮಿ’ ಎಂದು ಕರೆದುಕೊಳ್ಳುತ್ತಾರೆ. ಇನ್ನು ಭಾಷೆಯ ಮಾತು. ರಾಮನವಮಿಯ ಕಛೇರಿಯಲ್ಲಿ ತ್ಯಾಗರಾಜರ ತೆಲುಗು ಕೀರ್ತನೆಗೆ ನಾವು ತಲೆದೂಗುತ್ತೇವೆ. ಹಿಂದಿ ಬಾರದ ನಮ್ಮ ಅಜ್ಜಂದಿರು ರಫಿ ಹಾಡಿಗೆ ಕಣ್ಣು ಒದ್ದೆ ಮಾಡಿಕೊಂಡರು. ಹಾಡು ಮೊದಲು ಎದೆಗೆ ಬರುತ್ತದೆ, ಅರ್ಥ ಆಮೇಲೆ ಬರುತ್ತದೆ. ಒಂಬತ್ತನೇ ತರಗತಿಯಲ್ಲಿರುವ ನನ್ನ ಅಕ್ಕನ ಮಗಳು ಕೊರಿಯನ್ ಅಕ್ಷರಗಳನ್ನು ತಾನೇ ಕಲಿತು, “ಮಾಮ, ಅವರ ಭಾಷೆಯಲ್ಲೂ ಅಪ್ಪಾ ಅಂದ್ರೆ ಅಪ್ಪಾನೇ” ಅಂದಳು. ನನಗೂ ಅದು ಹೊಸ ವಿಷಯವಾಗಿತ್ತು.

ಈ ಹುಚ್ಚೂ ಹೊಸದಲ್ಲ, ಹಿರಿಯರ ಸಿಟ್ಟೂ ಹೊಸದಲ್ಲ. 1840ರ ದಶಕದಲ್ಲಿ ಯೂರೋಪಿನ ಹೆಂಗಸರು ಫ್ರಾಂಜ್ ಲಿಸ್ಟ್ ಎಂಬ ಪಿಯಾನೋ ವಾದಕನ ಕೈಗವಸು, ಕರವಸ್ತ್ರಕ್ಕೆ ಕಿತ್ತಾಡುತ್ತಿದ್ದರಂತೆ. ಹೈನೆ ಎಂಬ ಕವಿ 1844ರಲ್ಲಿ ಅದಕ್ಕೆ ‘ಲಿಸ್ಟೊಮೇನಿಯಾ’ ಎಂದು ಹೆಸರಿಟ್ಟ. ಇವತ್ತು ಅದೇ ಲಿಸ್ಟ್‌ನ ಸಂಗೀತವನ್ನು ಶಾಸ್ತ್ರೀಯ ಎಂದು ಗೌರವದಿಂದ ಕಲಿಸುತ್ತಾರೆ.

ನಮ್ಮ ದೇಶದಲ್ಲೇ 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂಬ ಚಿಂತೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ನಿಂತೇಹೋಯಿತು. ಆಗ ಜನ ಹಾಡು ಕೇಳುವುದನ್ನು ಬಿಡಲಿಲ್ಲ, ರೇಡಿಯೋದ ಮುಳ್ಳು ತಿರುಗಿಸಿದರು. ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧ ಭಾರತಿ ಶುರುಮಾಡಬೇಕಾಯಿತು. ಬೇಡ ಅಂದರೆ ಕೇಳುವವರು ಕಿವಿ ಮುಚ್ಚಿಕೊಳ್ಳುವುದಿಲ್ಲ, ನಮಗೆ ಕಾಣದ ಜಾಗಕ್ಕೆ ಹೋಗಿ ಕೇಳುತ್ತಾರೆ. ಈ ಮಾತನ್ನು ದಯವಿಟ್ಟು ನೆನಪಿಡಿ.

ನಮ್ಮ ಉತ್ತರ ಬೆಂಗಳೂರನ್ನೇ ನೋಡಿ. ಮೇಖ್ರಿ ಸರ್ಕಲ್ ಬಳಿಯ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿದವು. ಅಲ್ಲಿ ಕಪ್ಪು ಟೀ ಶರ್ಟ್ ಹಾಕಿಕೊಂಡು ತಲೆ ಕೊಡವಿದ ಹುಡುಗರು ಇವತ್ತು ಹೆಬ್ಬಾಳದ ಸುತ್ತಮುತ್ತಲ ಆಫೀಸುಗಳಲ್ಲಿ ಮ್ಯಾನೇಜರ್‌ಗಳು, ಇಎಂಐ ಕಟ್ಟುವ ಅಪ್ಪಂದಿರು. ಯಶವಂತಪುರದ ಆಚೆ ಕಂಠೀರವ ಸ್ಟುಡಿಯೋದಲ್ಲಿ ಡಾ. ರಾಜಕುಮಾರ್ ಮತ್ತು ಪುನೀತ್ ಇಬ್ಬರ ಸಮಾಧಿಯೂ ಇದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಸಾಲಿನಲ್ಲಿ ನಿಂತು ಅತ್ತವರಲ್ಲಿ ಗಡ್ಡ ನೆರೆತವರೂ ಇದ್ದರು. ಅದನ್ನು ಯಾರೂ ಹುಚ್ಚು ಅನ್ನಲಿಲ್ಲ, ಅಭಿಮಾನ ಅಂದರು. ಸರಿಯಾಗಿಯೇ ಅಂದರು. ಅಭಿಮಾನಿಗಳನ್ನು ದೇವರು ಎಂದು ಕರೆದ ಕಲಾವಿದನ ನಾಡು ಇದು.

ಹಾಗಾದರೆ ಹುಡುಗ ಕಟೌಟ್‌ಗೆ ಹಾಲು ಸುರಿದರೆ ಅಭಿಮಾನ, ಹುಡುಗಿ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದರೆ ಹುಚ್ಚು, ಇದು ಯಾವ ನ್ಯಾಯ?

2024ರ ಜನವರಿಯಲ್ಲಿ ನಡೆದ ಎರಡು ಘಟನೆ ಹೇಳುತ್ತೇನೆ. ತಮಿಳುನಾಡಿನ ಕರೂರು ಜಿಲ್ಲೆಯ ಹಳ್ಳಿಯೊಂದರ ಮೂವರು ಹುಡುಗಿಯರು ಬಿಟಿಎಸ್ ನೋಡಬೇಕೆಂದು ಮನೆ ಬಿಟ್ಟರು. ಎಂಟನೇ ತರಗತಿ, ಸರ್ಕಾರಿ ಶಾಲೆ. ವಿಶಾಖಪಟ್ಟಣಕ್ಕೆ ಹೋಗಿ ಹಡಗು ಹತ್ತಿದರೆ ಕೊರಿಯಾ ಸಿಗುತ್ತದೆ ಎಂಬುದು ಅವರ ಲೆಕ್ಕ. ಚೆನ್ನೈವರೆಗೆ ಹೋಗಿ ವಾಪಸ್ಸು ಬರುವಾಗ ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಪೊಲೀಸರ ಕಣ್ಣಿಗೆ ಬಿದ್ದರು. ಪುಣ್ಯಕ್ಕೆ ಸುರಕ್ಷಿತವಾಗಿ ಸಿಕ್ಕರು. ಅದೇ ತಿಂಗಳ 8ನೇ ತಾರೀಖು ನಟ ಯಶ್ ಹುಟ್ಟುಹಬ್ಬ. ಅದಕ್ಕೆಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ರಾತ್ರಿ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಪ್ರಾಣ ಕಳೆದುಕೊಂಡರು. ಯಶ್ ಆ ಊರಿಗೇ ಹೋಗಿ, ಹೀಗೆ ಅಭಿಮಾನ ತೋರಿಸಬೇಡಿ ಎಂದು ಕೇಳಿಕೊಂಡರು.

ಮೊದಲ ಸುದ್ದಿ ಬಂದಾಗ “ಹುಡುಗಿಯರಿಗೆ ಮೊಬೈಲೇ ಕೊಡಬಾರದು” ಅಂದವರನ್ನು ನಾನು ಕೇಳಿದ್ದೇನೆ. ಎರಡನೆಯದಕ್ಕೆ “ಹುಡುಗರನ್ನು ಮನೆಯಲ್ಲೇ ಕೂರಿಸಿ” ಅಂದವರನ್ನು ಕೇಳಲಿಲ್ಲ. ಆ ಮೂವರು ಹುಡುಗಿಯರು ಯಾರಾದರೂ ದೊಡ್ಡವರ ಹತ್ತಿರ ಬಾಯಿಬಿಟ್ಟಿದ್ದರೆ ಪಾಸ್‌ಪೋರ್ಟ್, ವೀಸಾ ಎಂಬುವು ಇವೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಬೈಸಿಕೊಳ್ಳುತ್ತೇವೆ, ನಗಿಸಿಕೊಳ್ಳುತ್ತೇವೆ ಎಂಬ ಭಯವಿದ್ದರೆ ಯಾವ ಮಗುವೂ ಬಾಯಿಬಿಡುವುದಿಲ್ಲ. ನಾವು ಹೆದರಬೇಕಾದದ್ದು ಹಾಡಿಗಲ್ಲ, ಮಗು ಮನೆಯಲ್ಲಿ ಮಾತು ನಿಲ್ಲಿಸುವುದಕ್ಕೆ.

ಹಾಗೆಂದು ಎಲ್ಲವೂ ಮೊದಲಿನಂತೆಯೇ ಇದೆ ಎಂದು ನಾನು ಹೇಳಲಾರೆ. ನನ್ನ ಕಸುಬಿಗೆ ಸಂಬಂಧಪಟ್ಟ ಒಂದು ವ್ಯತ್ಯಾಸವಿದೆ. ಕ್ಯಾಸೆಟ್‌ಗೆ ಎ ಸೈಡು, ಬಿ ಸೈಡು ಇತ್ತು. ಮುಗಿದ ಕೂಡಲೇ ಟಕ್ ಅಂತ ನಿಲ್ಲುತ್ತಿತ್ತು. ಫೋನಿನಲ್ಲಿ ಕೊನೆಯೇ ಇಲ್ಲ. ನೀವು ಯಾವ ವಿಡಿಯೋವನ್ನು ಪೂರ್ತಿ ನೋಡಿದಿರಿ, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ, ಯಾವುದನ್ನು ಮತ್ತೆ ನೋಡಿದಿರಿ ಎಂಬುದನ್ನೆಲ್ಲ ಲೆಕ್ಕ ಇಟ್ಟು, ನಿಮ್ಮನ್ನು ಎಬ್ಬಿಸದ ಹಾಗೆ ಮುಂದಿನದನ್ನು ತಂದು ಬಡಿಸುತ್ತದೆ. ಇದು ಮಕ್ಕಳ ದೋಷವಲ್ಲ, ಯಂತ್ರವನ್ನು ಕಟ್ಟಿರುವುದೇ ಹಾಗೆ. ರಾತ್ರಿ ಎರಡು ಗಂಟೆಗೆ ವಾಟ್ಸಾಪ್ ನೋಡುವ ಅಪ್ಪಂದಿರಿಗೂ ಇದು ಗೊತ್ತು. ಹಾಗಾಗಿ ಆಟೋಪ್ಲೇ ಆಫ್ ಮಾಡಿ. ರಾತ್ರಿ ಮನೆಯವರೆಲ್ಲರ ಫೋನೂ ಹಾಲ್‌ನಲ್ಲೇ ಚಾರ್ಜ್ ಆಗಲಿ, ದೊಡ್ಡವರದೂ ಸೇರಿ.

ಮಕ್ಕಳೇ, ನಿಮಗೂ ಒಂದು ಮಾತು. ಹಾಡು ಇಷ್ಟಪಡಿ, ಕುಣಿಯಿರಿ, ಆ ಭಾಷೆಯನ್ನೂ ಕಲಿಯಿರಿ. ಆದರೆ ಅಭಿಮಾನಿ ಬಳಗದ ಹೆಸರಲ್ಲಿ ಗುರುತಿಲ್ಲದವರು ದುಡ್ಡು, ಫೋಟೋ, ವಿಳಾಸ ಕೇಳಿದರೆ ಅವತ್ತೇ ಮನೆಯಲ್ಲಿ ಹೇಳಿ. ಹಿರಿಯರೇ, ಅವರು ಹೇಳುವಂತಾಗಬೇಕಾದರೆ ಮೊದಲ ಹೆಜ್ಜೆ ನಿಮ್ಮದು. “ಏನದು ಗಲಾಟೆ?” ಅನ್ನುವ ಬದಲು “ಯಾವ ಹಾಡಮ್ಮ, ನನಗೂ ಸ್ವಲ್ಪ ಕೇಳಿಸು” ಅನ್ನಿ. ಮೂರು ನಿಮಿಷ ಕೂತು ಕೇಳಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಹೇಳಬಹುದು, ಅದಕ್ಕೆ ಮಕ್ಕಳು ಬೇಜಾರಾಗುವುದಿಲ್ಲ.

ಕೊನೆಗೆ ಮುಖ್ಯ ಶಿಕ್ಷಕರಿಗೆ ಒಂದು ಮನವಿ. ಈ ಸಲದ ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ ಇಡಿ. ಊರಿನ ಹಿರಿಯರು ತಮ್ಮ ಹದಿನಾರನೇ ವಯಸ್ಸಿನ ಹಾಡು ಹಾಕಿಸಲಿ, ಮಕ್ಕಳು ತಮ್ಮದನ್ನು ಹಾಕಿಸಲಿ, ಯಾಕೆ ಇಷ್ಟ ಎಂದು ಇಬ್ಬರೂ ಎರಡು ಮಾತು ಹೇಳಲಿ. ಸ್ಪೀಕರ್ ಬಾಡಿಗೆ ನಮ್ಮ ಬ್ಯಾಚಿನವರದು.